ಒಂದೇ ಜಿಸೆಲ್, ಬೇರೆ ಬೇರೆ ಕುಣಿತ: ಅಸಲಿ ಯಾವುದು?

ಓದುಗರ ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಜಯನಗರದಲ್ಲಿ ಆರು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಹೋದ ವರ್ಷದಿಂದ ಶನಿವಾರ ಬ್ಯಾಲೆ ಕ್ಲಾಸಿಗೂ ಹೋಗುತ್ತಾಳೆ. ಅವಳ ಜೊತೆ ಕೂತು 'ಜಿಸೆಲ್' ಬ್ಯಾಲೆಯ ಎರಡು ವಿಡಿಯೊ ನೋಡಿದೆ. ಒಂದರಲ್ಲಿ ಹಳ್ಳಿ, ದ್ರಾಕ್ಷಿ ಸುಗ್ಗಿ, ಬಿಳಿ ಲಂಗದ ದೆವ್ವಗಳು. ಇನ್ನೊಂದು ಅಕ್ರಂ ಖಾನ್ ಅವರದು. ಅದರಲ್ಲಿ ಹಳ್ಳಿಯೇ ಇಲ್ಲ, ದೊಡ್ಡ ಗೋಡೆ, ಬಟ್ಟೆ ಕಾರ್ಖಾನೆಯ ಕೂಲಿಗಳು. ಸಂಗೀತವೂ ಬೇರೆ. ಎರಡಕ್ಕೂ ಒಂದೇ ಹೆಸರು ಹೇಗೆ? ಅಸಲಿ ಯಾವುದು? ಇಂಥವನ್ನು ಹೋಲಿಸಿ ನೋಡುವುದು ಹೇಗೆ? ಮಗಳಿಗೆ ಏನು ಹೇಳಲಿ?

ಉತ್ತರ:

ನೀವು ತಾಳಮದ್ದಳೆ ಕೇಳಿದ್ದೀರಾ? ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಬೆಂಗಳೂರಿಗೂ ಬರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಅದು ಮುಗಿದ ಮೇಲೆ ಅರ್ಥಧಾರಿ ಆ ಪದ್ಯ ಹಿಡಿದು ಮಾತು ಶುರು ಮಾಡುತ್ತಾರೆ. ಪದ್ಯ ಎಷ್ಟೋ ವರ್ಷದ ಹಿಂದಿನದು, ಪ್ರಸಂಗದ ಪುಸ್ತಕದಲ್ಲಿ ಅಚ್ಚಾದದ್ದು. ಅರ್ಥ ಮಾತ್ರ ಆ ರಾತ್ರಿಯದು. ಒಬ್ಬರ ಕರ್ಣ ಅಳಿಸುತ್ತಾನೆ, ಇನ್ನೊಬ್ಬರ ಕರ್ಣ ಕೃಷ್ಣನನ್ನೇ ಮಾತಲ್ಲಿ ಕಟ್ಟಿಹಾಕುತ್ತಾನೆ. ಇದರಲ್ಲಿ ಅಸಲಿ ಕರ್ಣ ಯಾವುದು ಅಂತ ಯಾರೂ ಕೇಳುವುದಿಲ್ಲ. ಯಾರ ಅರ್ಥ ಪದ್ಯದೊಳಗಿಂದ ಬಂತು, ಯಾರದು ಪದ್ಯ ಬಿಟ್ಟು ಎಲ್ಲೋ ಹೋಯಿತು ಅಂತ ಕೇಳುತ್ತಾರೆ.

ಬ್ಯಾಲೆಯನ್ನೂ ಹೀಗೇ ನೋಡಿ ಅನ್ನುವುದು ನನ್ನ ಮಾತು. ನಾನು ಭರತನಾಟ್ಯದಲ್ಲಿ ಬೆಳೆದವಳು. ಆಮೇಲೆ ಸಮಕಾಲೀನ ನೃತ್ಯ ಕಲಿತೆ. ಈಗ ಮಲ್ಲೇಶ್ವರದಲ್ಲಿ ನೃತ್ಯದ ಹುಡುಗಿಯರಿಗೆ ನೃತ್ಯದ ಇತಿಹಾಸ ಪಾಠ ಮಾಡುತ್ತೇನೆ. ನಿಮ್ಮ ಪ್ರಶ್ನೆ ಪ್ರತಿ ವರ್ಷ ತರಗತಿಯಲ್ಲೂ ಬರುತ್ತದೆ, ಜಾಸ್ತಿ 'ಜಿಸೆಲ್' ತೋರಿಸಿದ ದಿನವೇ.

ಕಥೆ ಚಿಕ್ಕದು. ಜಿಸೆಲ್ ಹಳ್ಳಿ ಹುಡುಗಿ. ಕುಣಿತ ಅಂದರೆ ಪ್ರಾಣ, ಎದೆ ಮಾತ್ರ ದುರ್ಬಲ. ಆಲ್ಬ್ರೆಕ್ಟ್ ಎಂಬ ಸಿರಿವಂತ ಮನೆಯ ಹುಡುಗ ಹಳ್ಳಿಯವನ ವೇಷ ಹಾಕಿ ಅವಳ ಮನಸ್ಸು ಗೆಲ್ಲುತ್ತಾನೆ. ಅವನಿಗೆ ಬಥಿಲ್ಡ್ ಎಂಬ ದೊಡ್ಡಮನೆ ಹುಡುಗಿಯ ಜೊತೆ ಮದುವೆ ನಿಶ್ಚಯ ಆಗಿರುತ್ತದೆ. ಜಿಸೆಲ್‌ಳನ್ನು ಇಷ್ಟಪಡುವ ಕಾಡುಗಾವಲಿನ ಹಿಲೇರಿಯನ್ ಆ ಗುಟ್ಟನ್ನು ಎಲ್ಲರೆದುರು ಒಡೆಯುತ್ತಾನೆ. ಜಿಸೆಲ್‌ಗೆ ಬುದ್ಧಿ ಕಲಕುತ್ತದೆ, ಅಲ್ಲೇ ಸಾಯುತ್ತಾಳೆ. ಇದು ಮೊದಲ ಅಂಕ. ಎರಡನೇ ಅಂಕ ರಾತ್ರಿ, ಕಾಡು, ಸಮಾಧಿ. ಮದುವೆಗೆ ಮೊದಲೇ ಸತ್ತ ಹುಡುಗಿಯರು ಅಲ್ಲಿ 'ವಿಲಿ'ಗಳಾಗಿ ಓಡಾಡುತ್ತಾರೆ. ಕೈಗೆ ಸಿಕ್ಕ ಗಂಡಸನ್ನು ಸಾಯುವವರೆಗೆ ಕುಣಿಸುತ್ತಾರೆ. ಅವರ ರಾಣಿ ಮಿರ್ಥಾ. ಹಿಲೇರಿಯನ್ ಸಾಯುತ್ತಾನೆ. ಆಲ್ಬ್ರೆಕ್ಟ್‌ನನ್ನು ಜಿಸೆಲ್ ಬೆಳಗಾಗುವವರೆಗೆ ಕಾಪಾಡುತ್ತಾಳೆ.

ವಿಲಿ ಅಂದರೆ ಏನು ಅಂತ ನಮ್ಮ ಊರಲ್ಲಿ ವಿವರಿಸುವುದು ಕಷ್ಟ ಅಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿತ್ತು, ನಿಮಗೆ ನೆನಪಿರಬಹುದು. ರಾತ್ರಿ ಬಂದು ಪರಿಚಯದ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ, ಓಗೊಟ್ಟರೆ ಜೀವ ಹೋಗುತ್ತದೆ ಅನ್ನುವ ಭಯ. ಆಸೆ ತೀರದೆ ಸತ್ತ ಹೆಣ್ಣು ವಾಪಸ್ ಬಂದು ಲೆಕ್ಕ ಕೇಳುತ್ತಾಳೆ ಅನ್ನುವ ಹೆದರಿಕೆ ಎಲ್ಲ ಕಡೆಯೂ ಇದೆ. ಜಿಸೆಲ್‌ನ ಎರಡನೇ ಅಂಕ ನಿಂತಿರುವುದು ಅದರ ಮೇಲೆ.

ಈಗ ಅಸಲಿಯ ಮಾತು. ಈ ಬ್ಯಾಲೆ ಮೊದಲು ರಂಗಕ್ಕೆ ಬಂದದ್ದು 1841ರ ಜೂನ್ 28ರಂದು, ಪ್ಯಾರಿಸ್‌ನಲ್ಲಿ. ಕವಿ ಥಿಯೊಫೀಲ್ ಗೋತಿಯೆ ಜರ್ಮನ್ ಕವಿ ಹೈನೆ ಬರೆದಿದ್ದ ವಿಲಿಗಳ ಐತಿಹ್ಯ ಓದಿ ಇದರ ಹುಚ್ಚು ಹಿಡಿಸಿಕೊಂಡರು. ಸೇಂಟ್ ಜಾರ್ಜ್ ಎಂಬ ನಾಟಕಕಾರರ ಜೊತೆ ಸೇರಿ ಕಥೆ ಹೆಣೆದರು. ಸಂಗೀತ ಅಡಾಲ್ಫ್ ಆಡಂ ಅವರದು. ನೃತ್ಯ ಕೂಡಿಸಿದವರು ಕೊರಾಲಿ ಮತ್ತು ಪೆರೊ. ಕಾರ್ಲೊಟಾ ಗ್ರಿಸಿ ಮೊದಲ ಜಿಸೆಲ್. ಆದರೆ 1868ರ ಹೊತ್ತಿಗೆ ಪ್ಯಾರಿಸ್ ಇದನ್ನು ಆಡುವುದನ್ನೇ ನಿಲ್ಲಿಸಿತು. ಉಳಿಸಿಕೊಂಡದ್ದು ರಷ್ಯಾ. ಅಲ್ಲಿ ಮಾರಿಯುಸ್ ಪೆಟಿಪಾ ಇದನ್ನು ಮತ್ತೆ ಮತ್ತೆ ತಿದ್ದಿದರು, ಮುಖ್ಯವಾಗಿ 1884ರಲ್ಲಿ ಮತ್ತು ಅದರ ಮುಂದಿನ ವರ್ಷಗಳಲ್ಲಿ. 1841ರ ಮೊದಲ ಆಲ್ಬ್ರೆಕ್ಟ್ ಇದೇ ಪೆಟಿಪಾರ ಅಣ್ಣ ಲೂಸಿಯನ್. ಪ್ಯಾರಿಸ್‌ಗೆ ಜಿಸೆಲ್ ವಾಪಸ್ ಬಂದದ್ದು 1910ರಲ್ಲಿ, ರಷ್ಯನ್ ಕಲಾವಿದರ ಜೊತೆ. ಅಂದರೆ ನೀವು ನೋಡಿದ 'ಹಳೆಯ' ಜಿಸೆಲ್ ಕೂಡ ಪ್ಯಾರಿಸ್ ಹೆತ್ತದ್ದು, ರಷ್ಯಾ ಸಾಕಿದ್ದು. ಮೊದಲ ಅಂಕದಲ್ಲಿ ಜಿಸೆಲ್ ಒಂಟಿ ಕಾಲಿನ ಬೆರಳ ತುದಿಯ ಮೇಲೆ ಕುಪ್ಪಳಿಸುತ್ತಾ ಹೋಗುವ ಒಂದು ಒಂಟಿ ನೃತ್ಯ ಇದೆಯಲ್ಲ, ಎಲ್ಲರೂ ಚಪ್ಪಾಳೆ ತಟ್ಟುವುದು? ಅದು 1841ರಲ್ಲಿ ಇರಲೇ ಇಲ್ಲ. ರಷ್ಯಾದಲ್ಲಿ ಸೇರಿದ್ದು.

ಕೊನೆಯೂ ಬೇರೆ ಇತ್ತು. 1841ರ ಕಥೆಯಲ್ಲಿ ಬೆಳಗಾಗುವಾಗ ಬಥಿಲ್ಡ್ ಕಾಡಿಗೆ ಬರುತ್ತಾಳೆ. ಜಿಸೆಲ್ ನೆಲದೊಳಗೆ ಕರಗುತ್ತಾ 'ಅವಳ ಹತ್ತಿರ ಹೋಗು' ಅಂತ ಆಲ್ಬ್ರೆಕ್ಟ್‌ಗೆ ಸನ್ನೆ ಮಾಡುತ್ತಾಳೆ. ಅವನು ಬಥಿಲ್ಡ್ ಕಡೆ ಕೈ ಚಾಚುತ್ತಾನೆ. ಈಗಿನ ಹೆಚ್ಚಿನ ಪ್ರದರ್ಶನಗಳಲ್ಲಿ ಅವನು ಒಬ್ಬನೇ ಹೂ ಹಿಡಿದು ನಿಲ್ಲುತ್ತಾನೆ. ಇದು ಸಣ್ಣ ಬದಲಾವಣೆ ಏನಲ್ಲ. ಮೊದಲನೆಯದರಲ್ಲಿ ಸಿರಿವಂತ ಹುಡುಗ ತನ್ನ ಮನೆಗೆ ಕ್ಷೇಮವಾಗಿ ಮರಳುತ್ತಾನೆ, ಬಡ ಹುಡುಗಿಯೇ ಕಳಿಸಿಕೊಡುತ್ತಾಳೆ. ಎರಡನೆಯದರಲ್ಲಿ ಅವನಿಗೆ ಹೋಗಲು ಮನೆ ಇಲ್ಲ. ಅರ್ಥ ಬದಲಾಯಿಸುವ ಕೆಲಸ ಅಕ್ರಂ ಖಾನ್‌ರಿಗಿಂತ ಬಹಳ ಮೊದಲೇ ಶುರುವಾಗಿತ್ತು.

ಹೋಲಿಸುವುದಕ್ಕೆ ಪೂರ್ತಿ ಎರಡು ಗಂಟೆ ಒಟ್ಟಿಗೆ ಹಿಡಿಯಬೇಡಿ, ತಲೆ ತಿರುಗುತ್ತದೆ. ಕಥೆಯ ಒಂದು ಗಂಟು ಹಿಡಿಯಿರಿ. ಅದನ್ನು ಎರಡೂ ಕಡೆ ನೋಡಿ.

ನಾನು ಮೊದಲು ತೋರಿಸುವುದು ಕೊಂಬಿನ ದನಿ. ಹಳೆಯ ಜಿಸೆಲ್‌ನಲ್ಲಿ ಸುಗ್ಗಿಯ ಕುಣಿತದ ನಡುವೆ ದೂರದಿಂದ ಬೇಟೆಯ ಕೊಂಬು ಕೇಳುತ್ತದೆ. ಆಲ್ಬ್ರೆಕ್ಟ್ ಬೆಚ್ಚುತ್ತಾನೆ. ತನ್ನವರು ಬರುತ್ತಿದ್ದಾರೆ, ವೇಷ ಬಯಲಾಗುತ್ತದೆ. ಸರಸರ ಮರೆಗೆ ಹೋಗುತ್ತಾನೆ. ಬಂದವರು ರೇಷ್ಮೆ, ಮಕಮಲ್ಲು ಉಟ್ಟವರು. ಜಿಸೆಲ್ ಬಥಿಲ್ಡ್‌ಳ ಹಿಂದೆ ಮೆಲ್ಲಗೆ ಮಂಡಿಯೂರಿ ಅವಳ ಬಟ್ಟೆಯ ಅಂಚನ್ನು ಮುಟ್ಟಿ ನೋಡುತ್ತಾಳೆ. ಬಥಿಲ್ಡ್ ತಿರುಗುತ್ತಾಳೆ, ಜಿಸೆಲ್ ನಾಚಿಕೊಳ್ಳುತ್ತಾಳೆ. 'ಏನು ಕೆಲಸ ಮಾಡ್ತೀಯ?' ಅಂತ ಸನ್ನೆಯಲ್ಲಿ ಪ್ರಶ್ನೆ. ನೂಲುವುದು, ಹೊಲಿಯುವುದು ಅಂತ ಸನ್ನೆಯಲ್ಲೇ ಉತ್ತರ. ಬಥಿಲ್ಡ್ ತನ್ನ ಕುತ್ತಿಗೆಯ ಸರ ತೆಗೆದು ಕೊಡುತ್ತಾಳೆ. ಒಂದೇ ಗಂಡಿಗೆ ಸೇರಬೇಕಾದ ಇಬ್ಬರು ಹುಡುಗಿಯರು, ಇಬ್ಬರಿಗೂ ಗೊತ್ತಿಲ್ಲ. ನಡುವೆ ಇರುವುದು ಒಂದು ಬಟ್ಟೆಯ ಅಂಚು.

ಅಕ್ರಂ ಖಾನ್ ಹಿಡಿದದ್ದು ಆ ಅಂಚನ್ನೇ ಅಂತ ನನಗೆ ಅನಿಸುತ್ತದೆ. ಅವರ ಜಿಸೆಲ್ 2016ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲು ಆಡಿತು. ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ತಂಡ, ಆಗ ಅದರ ನಿರ್ದೇಶಕಿ ತಮಾರಾ ರೋಹೊ. ಬಟ್ಟೆಯ ಅಂಚು ಮುಟ್ಟುವ ಹುಡುಗಿ ಇಲ್ಲಿ ಬಟ್ಟೆ ಕಾರ್ಖಾನೆಯ ವಲಸೆ ಕೂಲಿ. ಕಾರ್ಖಾನೆ ಮುಚ್ಚಿದೆ, ಕೂಲಿಗಳು ಗೋಡೆಯ ಹೊರಗೆ. ಬೇಟೆಯ ಕೊಂಬಿನ ಜಾಗದಲ್ಲಿ ಎದೆ ನಡುಗಿಸುವ ಸೈರನ್ನಿನಂಥ ದನಿ. ಆ ಬೃಹತ್ ಗೋಡೆ ತಿರುಗುತ್ತದೆ, ಅದರಾಚೆಯಿಂದ ಕಾರ್ಖಾನೆ ಒಡೆಯರು ಬೆಳಕಿನಲ್ಲಿ ನಿಧಾನಕ್ಕೆ ಬರುತ್ತಾರೆ. ಮೈಮೇಲೆ ನಡೆಯಲೂ ಆಗದಷ್ಟು ಭಾರದ ಉಡುಪು. ಹೊಲಿಯುವವರು ಒಂದು ಕಡೆ, ಉಡುವವರು ಒಂದು ಕಡೆ. ಹಳೆಯ ಬ್ಯಾಲೆಯಲ್ಲಿ ಒಂದು ನಿಮಿಷದ ಸನ್ನೆಯಾಗಿದ್ದದ್ದು ಇಲ್ಲಿ ಇಡೀ ಲೋಕವಾಗಿದೆ.

ಇದನ್ನು ನನಗೆ ಸರಿಯಾಗಿ ತೋರಿಸಿಕೊಟ್ಟವರು ನಮ್ಮ ಪಕ್ಕದ ಮನೆಯಾಕೆ. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಟೈಲರ್ ಆಗಿದ್ದವರು. ಒಂದು ಭಾನುವಾರ ನಾನು ಪಾಠಕ್ಕೆ ಅಂತ ಈ ವಿಡಿಯೊ ನೋಡುತ್ತಿದ್ದಾಗ ಬಂದು ಕೂತರು. ಬ್ಯಾಲೆ ಅವರಿಗೆ ಹೊಸದು. ಸೈರನ್ ಕೇಳಿದ ತಕ್ಷಣ ನೆಟ್ಟಗೆ ಕೂತರು. ಕೂಲಿಗಳು ಗೋಡೆಗೆ ಅಂಗೈ ಒತ್ತಿ ನಿಂತಾಗ, 'ಗೇಟ್ ಹಾಕಿದ್ಮೇಲೆ ಹೊರಗೆ ಉಳಿದ್ರೆ ಹೀಗೇ ಮೇಡಂ' ಅಂದರು. ಬಥಿಲ್ಡ್‌ಳ ಉಡುಪು ಬಂದಾಗ ಪರದೆ ಹತ್ತಿರ ಬಗ್ಗಿ ನೋಡಿದರು. 'ಇಂಥದ್ದು ಒಂದು ಪೀಸ್ ಮುಗೀಬೇಕಾದ್ರೆ ಒಂದು ಲೈನ್ ಪೂರ್ತಿ ಕೂರಬೇಕು' ಅಂದರು. ಎರಡನೇ ಅಂಕದ ಹೊತ್ತಿಗೆ ಅವರು ಏನೂ ಮಾತಾಡಲಿಲ್ಲ. ನಾನು ಆ ಉಡುಪನ್ನು ಅಲ್ಲಿವರೆಗೆ ಬರೀ ವೇಷಭೂಷಣ ಅಂತ ನೋಡಿದ್ದೆ. ಅವರು ಅದರಲ್ಲಿ ಕೆಲಸದ ಗಂಟೆಗಳನ್ನು ನೋಡಿದರು.

ಅದೇ 2016ರ ಏಪ್ರಿಲ್‌ನಲ್ಲಿ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ನಿಯಮದ ವಿರುದ್ಧ ಹೊಸೂರು ರಸ್ತೆಗೆ ಇಳಿದಿದ್ದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಬ್ಯಾಲೆಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಬೆಂಗಳೂರಿನಲ್ಲಿ ಕೂತು ಈ ಜಿಸೆಲ್ ನೋಡಿದರೆ ಆ ರಸ್ತೆ ಕಣ್ಣ ಮುಂದೆ ಬರುತ್ತದೆ. ಲಂಡನ್‌ನಲ್ಲಿ ಕೂತವರಿಗೆ ದೂರದ್ದು ಅನಿಸಬಹುದು. ನಮಗೆ ಹತ್ತಿರದ್ದು.

ಸಂಗೀತ ಬೇರೆ ಅಂದಿರಿ. ಪೂರ್ತಿ ಬೇರೆ ಅಲ್ಲ. ಖಾನ್‌ರ ಜಿಸೆಲ್‌ಗೆ ಸಂಗೀತ ಮಾಡಿದ ವಿನ್ಸೆನ್ಜೊ ಲಮಾನಿಯಾ ಆಡಂರ ಸಂಗೀತವನ್ನೇ ಬಿಚ್ಚಿ ಮತ್ತೆ ಹೆಣೆದಿದ್ದಾರೆ. ಗದ್ದಲದ ನಡುವೆ ಹಳೆಯ ರಾಗದ ಒಂದು ಎಳೆ ಬಂದು ಹೋಗುತ್ತದೆ. ಹಳೆಯದನ್ನು ಎರಡು ಸಲ ಕೇಳಿದ ಮೇಲೆ ಹೊಸದನ್ನು ಕೇಳಿ, ಸಿಗುತ್ತದೆ.

ಇನ್ನು ಕಾಲು. ನಿಮ್ಮ ಮಗಳಿಗೆ ಎಲ್ಲಕ್ಕಿಂತ ಬೇಗ ಅರ್ಥವಾಗುವುದು ಇದೇ. ಅರೆಮಂಡಿಯಲ್ಲಿ ಕೂತು ತಟ್ಟುವಾಗ ಮೈಭಾರ ಎಲ್ಲಿರುತ್ತದೆ ಅಂತ ಅವಳಿಗೆ ತೊಡೆಯೇ ಹೇಳುತ್ತದೆ. ಶನಿವಾರದ ಕ್ಲಾಸಿನಲ್ಲಿ ಅದೇ ಮೈಯನ್ನು ಮೇಲಕ್ಕೆ ಎಳೆ ಅನ್ನುತ್ತಾರೆ. ಹಳೆಯ ಜಿಸೆಲ್‌ನಲ್ಲಿ ವಿಲಿಗಳು ಬೆರಳ ತುದಿಯಲ್ಲಿ ಸಣ್ಣ ಸಣ್ಣ ಹೆಜ್ಜೆ ಇಟ್ಟು ಜಾರುತ್ತಾರೆ, ನೆಲಕ್ಕೂ ಅವರಿಗೂ ಸಂಬಂಧ ಕಡಿದುಹೋದ ಹಾಗೆ. ಒಂದು ಜಾಗದಲ್ಲಿ ಎರಡು ಸಾಲು ವಿಲಿಗಳು ಎದುರುಬದುರಿಂದ ಬಂದು, ಒಂದು ಕಾಲು ಹಿಂದಕ್ಕೆ ಎತ್ತಿ ಹಿಡಿದು, ಇನ್ನೊಂದು ಕಾಲಲ್ಲಿ ಮೆಲ್ಲಗೆ ಕುಪ್ಪಳಿಸುತ್ತಾ ಒಬ್ಬರನ್ನೊಬ್ಬರು ದಾಟುತ್ತಾರೆ. ಯಾರ ಮುಖದಲ್ಲೂ ಭಾವ ಇಲ್ಲ. ನೋಡಲು ತಣ್ಣಗೆ, ಚೆಂದ. ಆದರೆ ಯೋಚಿಸಿ: ಇಷ್ಟು ಹುಡುಗಿಯರೂ ಮೋಸಕ್ಕೆ ಸತ್ತವರು. ಆ ಶಿಸ್ತೇ ಭಯ ಹುಟ್ಟಿಸುತ್ತದೆ.

ಅಕ್ರಂ ಖಾನ್ ಕಥಕ್ ಕಲಾವಿದ. ಲಂಡನ್‌ನ ಬಾಂಗ್ಲಾ ಮನೆತನದಲ್ಲಿ ಹುಟ್ಟಿ, ಪ್ರತಾಪ್ ಪವಾರ್ ಅವರಲ್ಲಿ ಕಲಿತವರು. ಭಾರ ಕೆಳಕ್ಕೆ ಬಿಡುವುದು ಅವರ ಮೈಗೆ ಗೊತ್ತು. ಹಾಗಾಗಿ ಮೊದಲ ಅಂಕದ ಕೂಲಿಗಳು ನೆಲಕ್ಕೆ ಅಂಟಿಕೊಂಡೇ ಕುಣಿಯುತ್ತಾರೆ, ಗುಂಪಾಗಿ ಓಡುತ್ತಾರೆ, ಬಾಗುತ್ತಾರೆ. ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂ ಬರುವುದು ಎರಡನೇ ಅಂಕಕ್ಕೆ, ಸತ್ತವರ ಕಾಲಿಗೆ. ವಿಲಿಗಳು ಇಲ್ಲಿ ಕಾರ್ಖಾನೆಯಲ್ಲಿ ಸತ್ತ ಕೂಲಿಗಳ ದೆವ್ವಗಳು. ಕೆದರಿದ ಕೂದಲು, ಕೈಯಲ್ಲಿ ಉದ್ದನೆಯ ಕೋಲು. ಬೆರಳ ತುದಿಯಲ್ಲಿ ನಿಂತಾಗ ಹಗುರ ಕಾಣುವುದಿಲ್ಲ, ಚೂಪಾಗಿ ಕಾಣುತ್ತಾರೆ. 1841ರಲ್ಲೂ ಬೆರಳ ತುದಿಯ ನಡಿಗೆ ದೇವತೆ, ದೆವ್ವ, ಕನಸುಗಳಿಗೆ ಹೊಂದುವ ಹೊಸ ವಿದ್ಯೆಯಾಗಿತ್ತು. ಕಾಲ ಕಳೆದು ಅದು ಬರೀ ಬ್ಯಾಲೆಯ ಅಭ್ಯಾಸ ಆಯಿತು. ಖಾನ್ ಅದಕ್ಕೆ ಹಳೆಯ ಅರ್ಥ ವಾಪಸ್ ಕೊಟ್ಟಿದ್ದಾರೆ. ಈ ವಿಷಯದಲ್ಲಿ ಹೊಸ ಜಿಸೆಲ್ಲೇ ಮೂಲಕ್ಕೆ ಹತ್ತಿರ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಾಗಂತ ಹೊಸದರಲ್ಲಿ ಎಲ್ಲವೂ ಲಾಭ ಅಲ್ಲ. ಕಳೆದುಹೋದದ್ದೂ ಇದೆ, ಅದು ನನಗೆ ನಿಜವಾಗಿ ನೋವು. ಹಳೆಯದರ ಮೊದಲ ಅಂಕದಲ್ಲಿ ಜಿಸೆಲ್ ಒಂದು ಡೇಸಿ ಹೂ ಕಿತ್ತು ಬೆಂಚಿನ ಮೇಲೆ ಕೂರುತ್ತಾಳೆ. ಪ್ರೀತಿಸ್ತಾನೆ, ಪ್ರೀತಿಸಲ್ಲ ಅಂತ ಎಸಳು ಕೀಳುತ್ತಾಳೆ. ಕೊನೆ 'ಪ್ರೀತಿಸಲ್ಲ' ಅಂತ ಬರುತ್ತದೆ ಅಂತ ಗೊತ್ತಾಗಿ ಹೂ ಎಸೆದು ಎದ್ದು ಹೋಗುತ್ತಾಳೆ. ಆಲ್ಬ್ರೆಕ್ಟ್ ಹೂ ಎತ್ತಿ, ಅವಳಿಗೆ ಕಾಣದ ಹಾಗೆ ಒಂದು ಎಸಳು ಕಿತ್ತುಹಾಕಿ, 'ನೋಡು, ಸರಿಯಾಗಿದೆ' ಅಂತ ತೋರಿಸುತ್ತಾನೆ. ಅವಳು ನಂಬುತ್ತಾಳೆ. ಇಡೀ ಮೋಸ ಒಂದು ಎಸಳಿನಲ್ಲಿ ಇದೆ. ಆಮೇಲೆ ಬುದ್ಧಿ ಕಲಕಿದಾಗ, ಕೂದಲು ಬಿಚ್ಚಿ ಹರಡಿ, ಕೈಯಲ್ಲಿ ಇಲ್ಲದ ಹೂವಿನ ಎಸಳು ಕೀಳುತ್ತಾಳೆ. ವಾದ್ಯಗಳು ಅದೇ ರಾಗವನ್ನು ಮುರಿದು ಮುರಿದು ನುಡಿಸುತ್ತವೆ.

ನನ್ನ ತರಗತಿಯಲ್ಲಿ ಇದನ್ನು ಶಬ್ದ ತೆಗೆದು ತೋರಿಸಿದ್ದೆ. ಜಿಸೆಲ್‌ಳ ಅಮ್ಮ ಬರ್ಥ್ ವಿಲಿಗಳ ಕಥೆ ಹೇಳುವ ಜಾಗವನ್ನೂ ಹಾಗೇ ತೋರಿಸಿದೆ. ತಲೆಯ ಮೇಲೆ ಎರಡು ಕೈ ಸುತ್ತಿಸಿದರೆ ಕುಣಿತ, ಉಂಗುರ ಬೆರಳು ತೋರಿಸಿದರೆ ಮದುವೆ, ಎರಡು ಬೆರಳು ಮೇಲೆತ್ತಿದರೆ ಆಣೆ, ಮುಷ್ಟಿ ಕಟ್ಟಿ ಮಣಿಕಟ್ಟು ಅಡ್ಡ ಇಟ್ಟು ಕೆಳಗೆ ಇಳಿಸಿದರೆ ಸಾವು. ಭರತನಾಟ್ಯದ ಹುಡುಗಿಯರು ಎರಡೇ ನಿಮಿಷದಲ್ಲಿ ಓದಿಬಿಟ್ಟರು. ಒಬ್ಬಳು ಕೈಯಲ್ಲಿ ಹಂಸಾಸ್ಯ ಮುದ್ರೆ ಹಿಡಿದು ಎಸಳು ಕಿತ್ತು ತೋರಿಸಿದಳು. ಇನ್ನೊಬ್ಬಳು, 'ಕಿತ್ತ ಎಸಳನ್ನ ಅವನು ಎಲ್ಲಿ ಬಚ್ಚಿಟ್ಟ?' ಅಂತ ಕೇಳಿದಳು. ಅಲ್ಲಿಂದ ಮುಂದೆ ನಾನು ನೋಡಿದ ಪ್ರತಿ ಆಲ್ಬ್ರೆಕ್ಟ್‌ನ ಕೈಯನ್ನು ನೋಡುತ್ತೇನೆ. ಕೆಲವರು ಬೆನ್ನ ಹಿಂದೆ ಬಿಡುತ್ತಾರೆ. ಇಂಥ ಸಣ್ಣ, ಮನೆಯೊಳಗಿನ ಅಭಿನಯ ಖಾನ್‌ರ ದೊಡ್ಡ ಗೋಡೆಯ ಮುಂದೆ ನಿಲ್ಲುವುದಿಲ್ಲ. ಅಲ್ಲಿ ಸಾಯುವಾಗಲೂ ಗುಂಪು ಜಿಸೆಲ್‌ಳನ್ನು ಸುತ್ತುವರಿಯುತ್ತದೆ. ಅದು ಸಮುದಾಯದ ಸಾವು. ಹಳೆಯದು ಒಬ್ಬಳ ಸಾವು.

ಇವೆರಡರ ನಡುವೆ ಇನ್ನೊಂದು ಇದೆ, ನೀವು ನೋಡಿಲ್ಲ ಅಂತ ಕಾಣುತ್ತದೆ. 1982ರಲ್ಲಿ ಸ್ವೀಡನ್‌ನ ಮಾಟ್ಸ್ ಎಕ್ ಕುಲ್ಬರ್ಗ್ ಬ್ಯಾಲೆ ತಂಡಕ್ಕೆ ಮಾಡಿದ ಜಿಸೆಲ್. ತಾಳಮದ್ದಳೆಯ ಮಾತಿಗೆ ಹೆಚ್ಚು ಹೊಂದುವುದು ಇದೇ. ಪದ್ಯ ಪೂರ್ತಿ ಹಳೆಯದು, ಅಂದರೆ ಆಡಂರ ಸಂಗೀತವೇ. ಅರ್ಥ ಮಾತ್ರ ಬುಡಮೇಲು. ಅನಾ ಲಗೂನಾ ಆಡಿದ ಜಿಸೆಲ್ ಊರಿನವರ ಕಣ್ಣಿಗೆ 'ಒಂಥರಾ' ಇರುವ ಹುಡುಗಿ. ತಲೆಗೆ 'ಬೆರೆ' ಎಂಬ ಚಪ್ಪಟೆ ಟೋಪಿ, ಬರಿಗಾಲು, ಸೊಂಟಕ್ಕೆ ಹಗ್ಗ. ಅವಳು ಸಾಯುವುದಿಲ್ಲ. ಎರಡನೇ ಅಂಕ ಮಾನಸಿಕ ಆಸ್ಪತ್ರೆ. ವಿಲಿಗಳು ಅಲ್ಲಿನ ರೋಗಿಗಳು, ಮಿರ್ಥಾ ಮುಖ್ಯ ನರ್ಸ್. ಬಿಳಿ ಲಂಗದ ಜಾಗದಲ್ಲಿ ಆಸ್ಪತ್ರೆಯ ಬಿಳಿ ಅಂಗಿ. ಮೋಸಹೋದ ಹುಡುಗಿಯರನ್ನು ಊರು ಕಾಡಿಗೆ ಅಟ್ಟುವುದಿಲ್ಲ, ಒಳಗೆ ಹಾಕಿ ಬೀಗ ಜಡಿಯುತ್ತದೆ ಅನ್ನುವುದು ಎಕ್ ಹೇಳುವ ಅರ್ಥ. ಅದೇ ಮಧುರ ಸಂಗೀತಕ್ಕೆ ಅವಳು ಅಂಗಾಲು ಊರಿ ಮಂಡಿ ಬಾಗಿಸಿ ನಡೆಯುವುದನ್ನು ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ಕೊನೆಯಲ್ಲಿ ಆಲ್ಬ್ರೆಕ್ಟ್ ಬಟ್ಟೆ ಇಲ್ಲದೆ ಹೊಲದಲ್ಲಿ ನಿಲ್ಲುತ್ತಾನೆ. ಹಿಲೇರಿಯನ್ ಅವನಿಗೆ ಕಂಬಳಿ ಹೊದಿಸುತ್ತಾನೆ. ಮೂರರಲ್ಲಿ ನನಗೆ ಅತಿ ಹತ್ತಿರದ್ದು ಇದು.

ಎಲ್ಲ ಜಿಸೆಲ್‌ಗಳೂ ಕಡೆಗೆ ಬಂದು ನಿಲ್ಲುವುದು ಒಂದೇ ಗಂಟಿನ ಹತ್ತಿರ: ಅವಳು ಯಾಕೆ ಕ್ಷಮಿಸುತ್ತಾಳೆ? ಭರತನಾಟ್ಯದಲ್ಲಿ ಅಭಿನಯಿಸುವ ನಮ್ಮ 'ಪದ' ಹಾಡುಗಳ ನಾಯಕಿ ಬೇರೆಯವಳ ಮನೆಯಿಂದ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾಳೆ. ಜಿಸೆಲ್‌ಗೆ ಸಿಟ್ಟೇ ಬರುವುದಿಲ್ಲ. ಹಳೆಯದರಲ್ಲಿ ಪ್ರೀತಿ ಸಾವಿಗಿಂತ ದೊಡ್ಡದು, ಅದಕ್ಕೆ ಕ್ಷಮೆ. ಖಾನ್‌ರಲ್ಲಿ ಹಿಂಸೆಯ ಸರಪಳಿ ಎಲ್ಲೋ ಒಂದು ಕಡೆ ಕಡಿಯಬೇಕು, ಅದಕ್ಕೆ ಕ್ಷಮೆ. ಆಮೇಲೆ ಗೋಡೆ ಮುಚ್ಚಿಕೊಳ್ಳುತ್ತದೆ, ಆಲ್ಬ್ರೆಕ್ಟ್ ಒಬ್ಬನೇ ಹೊರಗೆ. ದಕ್ಷಿಣ ಆಫ್ರಿಕಾದ ಡಾಡಾ ಮಸೀಲೊ 2017ರಲ್ಲಿ ಮಾಡಿದ ಜಿಸೆಲ್ ಮಾತ್ರ ಕ್ಷಮಿಸುವುದಿಲ್ಲ. ಮಿರ್ಥಾ ಅಲ್ಲಿ ಊರ ನಾಟಿ ವೈದ್ಯ, ವಿಲಿಗಳಲ್ಲಿ ಗಂಡಸರೂ ಇದ್ದಾರೆ, ಆಲ್ಬ್ರೆಕ್ಟ್ ಉಳಿಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ, ನಲವತ್ತು ತುಂಬುವ ಮೊದಲೇ ಮಸೀಲೊ ತೀರಿಕೊಂಡರು. ಅವರಿಂದ ಇನ್ನೂ ಎಷ್ಟು ಬರಬೇಕಿತ್ತು.

'ಸ್ವಾನ್ ಲೇಕ್' ಬಗ್ಗೆಯೂ ಮಗಳು ಕೇಳಬಹುದು. 1895ರ ಪೆಟಿಪಾ ಮತ್ತು ಇವಾನೊವ್ ಅವರದು ಒಂದು ಕಡೆ, ಹಂಸಗಳನ್ನೆಲ್ಲ ಗಂಡಸರೇ ಆಡುವ ಮ್ಯಾಥ್ಯೂ ಬೋರ್ನ್ ಅವರ 1995ರದ್ದು ಇನ್ನೊಂದು ಕಡೆ ಇಟ್ಟು ನೋಡಿ. ಅಲ್ಲಿ ಚೈಕೋವ್‌ಸ್ಕಿ ಸಂಗೀತ ಹಾಗೇ ಇದೆ. ಹಂಸ ನಾಜೂಕಿನ ಹಕ್ಕಿ ಅನ್ನುವ ನಂಬಿಕೆ ಬೋರ್ನ್‌ರ ಹಂಸಗಳು ರಂಗಕ್ಕೆ ಬಂದ ಕೂಡಲೇ ಹೋಗುತ್ತದೆ. ಕೊಕ್ಕಿನಿಂದ ಕುಕ್ಕುವ ಹಕ್ಕಿಗಳು ಅವು.

ಮಗಳಿಗೆ ಹಳೆಯ ಜಿಸೆಲ್ಲನ್ನೇ ಮೊದಲು ಇನ್ನೊಮ್ಮೆ ತೋರಿಸಿ. ಪದ್ಯ ಗೊತ್ತಿಲ್ಲದವರಿಗೆ ಅರ್ಥದ ರುಚಿ ಹತ್ತುವುದಿಲ್ಲ. ಬರ್ಥ್ ಕಥೆ ಹೇಳುವ ಜಾಗದಲ್ಲಿ ಶಬ್ದ ತೆಗೆದು, ಸನ್ನೆಗಳನ್ನು ಅವಳಿಂದಲೇ ಓದಿಸಿ. ಕೆಲವು ತಂಡಗಳು ಈ ಭಾಗ ಕತ್ತರಿಸುತ್ತವೆ, ಇರುವ ವಿಡಿಯೊ ಹುಡುಕಿ. ಹೂವಿನ ದೃಶ್ಯ, ಬಟ್ಟೆಯ ಅಂಚು, ಕೊಂಬಿನ ದನಿ, ಈ ಮೂರನ್ನು ಗುರುತಿಟ್ಟುಕೊಳ್ಳಲಿ. ಒಂದು ವಾರ ಬಿಟ್ಟು ಖಾನ್‌ರದ್ದು ನೋಡಿ, ಈ ಮೂರು ಎಲ್ಲಿ ಹೋದವು ಅಂತ ಅವಳೇ ಹುಡುಕಲಿ. ಸಿಗದಿದ್ದರೆ ಸಿಗಲಿಲ್ಲ ಅನ್ನಲಿ, ಪರವಾಗಿಲ್ಲ. ಮಾಟ್ಸ್ ಎಕ್ ಅವರದನ್ನು ಸದ್ಯಕ್ಕೆ ನೀವೊಬ್ಬರೇ ನೋಡಿ. ಆಸ್ಪತ್ರೆಯ ದೃಶ್ಯಗಳು ಹನ್ನೆರಡರ ಹುಡುಗಿಗೆ ಭಾರ. ಮೂರು ನಾಲ್ಕು ವರ್ಷ ಆದಮೇಲೆ ಇಬ್ಬರೂ ಕೂತು ನೋಡಬಹುದು. ಆಗ ಅವಳಿಗೆ ಏನು ಕಂಡಿತು ಅಂತ ನನಗೂ ಬರೆಯಿರಿ.